ಬೀಳದೇ ಮುರಿದ ಕಾಲು

"ಎಲ್ಲಿ ಬೀಳಿಸಿದ್ರಿ?" ಅಂತ ಬಂದವರೆಲ್ಲ ಕೇಳಿದರು. ನಮ್ಮತ್ತೆ ಕೂಡ. ಯಾರೂ ಬೀಳಿಸಿರಲಿಲ್ಲ. ಪ್ಯಾಂಟ್ ಬದಲಿಸುವಾಗ ಮಗನ ಬಿಗಿಯಾದ ಎಡಗಾಲು ಸ್ವಲ್ಪ ತಿರುಗಿತು, ಅಷ್ಟೇ. ಸಂಜೆಗೆ ಮಂಡಿ ಊದಿತ್ತು, ಮುಟ್ಟಿದರೆ ಬಿಸಿ. ಅವನಿಗೆ ಮಾತು ಬರುವುದಿಲ್ಲ. ಊಟಕ್ಕೆ ಬಾಯಿ ತೆರೆಯದೆ ಹಲ್ಲು ಕಚ್ಚಿಕೊಂಡಿದ್ದ. ಎಕ್ಸ್‌ರೇ ನೋಡಿದರೆ ಮಂಡಿಯ ಮೇಲೆಯೇ ತೊಡೆಮೂಳೆ ಮುರಿದಿತ್ತು.

ಅವನಿಗೆ 14 ವರ್ಷ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಫಿಟ್ಸ್, ಬೆನ್ನೂ ಸೊಟ್ಟ. ಇಷ್ಟು ವರ್ಷ ಎಲ್ಲರ ಕಣ್ಣೂ ಬೆನ್ನಿನ ಮೇಲೆ. ಎಷ್ಟು ಡಿಗ್ರಿ ಬಾಗಿದೆ, ಆಪರೇಷನ್ ಯಾವಾಗ, ಇದೇ ಮಾತು. ಮೂಳೆ ಗಟ್ಟಿ ಇದೆಯಾ ಅಂತ ಯಾರೂ ನೋಡಲಿಲ್ಲ. ನಾಳೆ ಬೆನ್ನು ನೆಟ್ಟಗೆ ಮಾಡಲು ರಾಡ್ ಹಾಕಿದರೂ ಸ್ಕ್ರೂ ಕೂರಬೇಕಾದ್ದು ಅದೇ ಮೂಳೆಯಲ್ಲೇ ಅಲ್ವಾ?

ಈಗಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೈಭಾರ ಬಿದ್ದರೆ ತಾನೇ ಮೂಳೆ ಗಟ್ಟಿಯಾಗುವುದು; ಇವನು ನಿಂತದ್ದೇ ಕಡಿಮೆ. ಫೆನಿಟಾಯಿನ್, ಫೀನೋಬಾರ್ಬಿಟೋನ್ ತರಹದ ಫಿಟ್ಸ್ ಮಾತ್ರೆಗಳು ಮೈಯಲ್ಲಿ ವಿಟಮಿನ್ ಡಿ ಉಳಿಯಲು ಬಿಡುವುದಿಲ್ಲ. ಹಾಗಂತ ಮಾತ್ರೆಯನ್ನು ನಾವೇ ನಿಲ್ಲಿಸುವ ಹಾಗಿಲ್ಲ. ರಾಗಿ ಕೊಡಿ ಅಂತ ಊರೆಲ್ಲ ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ನುಂಗಲು ಕಷ್ಟಪಡುವ ಇವನಿಗೆ ಒಂದು ಲೋಟ ಅಂಬಲಿ ಕುಡಿಸಲು ಮುಕ್ಕಾಲು ಗಂಟೆ ಬೇಕು, ಆ ಲೋಟದಲ್ಲಿರುವುದು ಎರಡು ಚಮಚ ಹಿಟ್ಟು!

ಆಮೇಲೆ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಎಕ್ಸ್‌ರೇ. ಸಾಮಾನ್ಯವಾಗಿ ಬೆನ್ನಿನ ಕೆಳಭಾಗದ ಮೂಳೆ ಅಳೆಯುತ್ತಾರೆ. ಬೆನ್ನೇ ತಿರುಚಿಕೊಂಡಿದ್ದರೆ ಆ ಲೆಕ್ಕ ನಂಬುವ ಹಾಗಿಲ್ಲ, ರಾಡ್ ಇದ್ದರಂತೂ ಮುಗೀತು. ಇಂಥ ಮಕ್ಕಳಿಗೆ ಮಗ್ಗುಲಾಗಿ ಮಲಗಿಸಿ, ಮಂಡಿಯ ಮೇಲಿನ ತೊಡೆಮೂಳೆಯನ್ನು ಪಕ್ಕದಿಂದ ಅಳೆಯಬಹುದು. ಎಲ್ಲ ಕಡೆ ಮಾಡುವುದಿಲ್ಲ, ಸುಮ್ನೆ ಮಗುವನ್ನು ಎತ್ತಿಕೊಂಡು ಹೋಗಬೇಡಿ, ಮೊದಲೇ ಫೋನ್ ಮಾಡಿ. ರಿಪೋರ್ಟಿನಲ್ಲಿ ಝಡ್ ಸ್ಕೋರ್ ನೋಡಿ, ಅದು ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದ ಲೆಕ್ಕ. ಟಿ ಸ್ಕೋರ್ ದೊಡ್ಡವರದು.

ವಿಟಮಿನ್ ಡಿ ಸರಿ ಮಾಡಿಕೊಂಡು, ಹಲ್ಲೂ ತೋರಿಸಿಕೊಂಡು, ಮೂಳೆ ಸವೆಯುವುದನ್ನು ತಡೆಯುವ ಝೋಲೆಡ್ರೊನೇಟ್ ಔಷಧಿಯ ಡ್ರಿಪ್ ಹಾಕಿಸಿದೆವು. ಮೊದಲ ಸಲ ಜ್ವರ ಬರಬಹುದು ಅಂದಿದ್ದರು, ಬಂತು, ಪ್ಯಾರಾಸಿಟಮಾಲ್‌ಗೆ ಇಳಿಯಿತು.

ಈಗ ಪ್ಯಾಂಟ್ ಹಾಕುವಾಗ ಪಾದ ಹಿಡಿದು ಎಳೆಯುವುದಿಲ್ಲ. ಒಂದು ಕೈ ತೊಡೆ ಕೆಳಗೆ, ಇನ್ನೊಂದು ಮೀನಖಂಡದ ಕೆಳಗೆ. ಎಕ್ಸ್‌ರೇ ರೂಮಿನ ಹುಡುಗನಿಗೂ ಇದನ್ನೇ ಹೇಳುತ್ತೇನೆ. "ಗೊತ್ತು ಬಿಡಿ ಮೇಡಂ" ಅಂತಾನೆ. ಗೊತ್ತಿದ್ದರೂ ಪಕ್ಕದಲ್ಲೇ ನಿಂತಿರುತ್ತೇನೆ, ಸೀಸದ ಏಪ್ರನ್ ಹಾಕಿಕೊಂಡು.