ಅಧ್ಯಕ್ಷರ ಡೋಂಗಲ್ ಯಾರ ಡ್ರಾಯರ್‌ನಲ್ಲಿದೆ?

ಗ್ರಾಮ ಪಂಚಾಯತಿಯ ಲೆಕ್ಕ ತಪಾಸಣೆಗೆ ಕೂತಾಗ ಕ್ಯಾಶ್‌ಬುಕ್ ತೆರೆಯುವುದಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ: ಅಧ್ಯಕ್ಷರ ಡೋಂಗಲ್ ಎಲ್ಲಿದೆ? ಪೆನ್‌ಡ್ರೈವ್‌ನಷ್ಟೇ ಇರುವ ಅದರೊಳಗೆ ಅವರ ಡಿಜಿಟಲ್ ಸಹಿ ಇರುತ್ತದೆ. ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಸಹಿಯೂ ಬೇಕು, ಪಿಡಿಒ ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಸಹಿಯೂ ಬೇಕು. ಹಿಂದೆ ಚೆಕ್ಕಿಗೆ ಜಂಟಿ ಸಹಿ ಇದ್ದದ್ದೂ ಇದೇ ಕಾರಣಕ್ಕೆ. ಒಬ್ಬರು ಊರು ಆರಿಸಿದವರು, ಇನ್ನೊಬ್ಬರು ಸರ್ಕಾರಿ ನೌಕರರು. ಒಬ್ಬರ ಕೈ ಜಾರಿದರೆ ಇನ್ನೊಬ್ಬರು ಹಿಡಿಯಲಿ ಎಂಬ ಏರ್ಪಾಡು.

ಎರಡೂ ಡೋಂಗಲ್ ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲಿ, ಪಿನ್ ನಂಬರ್ ಬರೆದ ಚೀಟಿಯ ಸಮೇತ ಬಿದ್ದಿದ್ದರೆ ಆ ಏರ್ಪಾಡು ಮುಗಿದಂತೆ. ಪಾವತಿ ವಿವರ ತೆಗೆಸಿ ಎರಡೂ ಸಹಿಗಳ ಸಮಯ ನೋಡಿ. ಹತ್ತು ಬಿಲ್ಲುಗಳಿಗೆ ಎರಡು ನಿಮಿಷದೊಳಗೆ ಇಬ್ಬರ ಸಹಿಯೂ ಬಿದ್ದಿದ್ದರೆ ಬಿಲ್ ಯಾರೂ ಓದಿಲ್ಲ ಎಂದೇ ಅರ್ಥ. ಅಧ್ಯಕ್ಷರು ಊರಲ್ಲಿಲ್ಲದ ದಿನ ಅವರ ಸಹಿ ಬಿದ್ದಿದ್ದರೆ ಕೇಳುವುದೇ ಬೇಡ. ಇಲ್ಲಿ ಯಾರೂ ಕಳ್ಳರಾಗಿರಬೇಕೆಂದಿಲ್ಲ. "ಅವರಿಗೆ ಕಂಪ್ಯೂಟರ್ ಬರಲ್ಲ ಸಾರ್, ಪಾಪ, ಓಡಾಡಿಸೋದು ಯಾಕೆ" ಎಂಬ ಕನಿಕರದಿಂದಲೇ ಇದು ಶುರುವಾಗುತ್ತದೆ. ಅಧಿಕಾರ ಕೆಡುವುದು ಹೆಚ್ಚಾಗಿ ಹೀಗೆ ಅನುಕೂಲದ ಬಾಗಿಲಿನಿಂದ. ದುರಾಸೆ ಆಮೇಲೆ ಬರುತ್ತದೆ.

ಹೊಸ ಅಧ್ಯಕ್ಷರಿಗೆ ಹೇಳಬೇಕಾದ್ದು ಇಷ್ಟೆ. ಡೋಂಗಲ್ ಮನೆಗೆ ಒಯ್ಯಿರಿ. ಮೊದಲ ದಿನವೇ ಪಿನ್ ಬದಲಿಸಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಬಿಲ್ ಫೈಲು ಮುಂದಿಟ್ಟುಕೊಂಡೇ ಸಹಿ ಹಾಕಿ. ಫೈಲಿನಲ್ಲಿ ನಾಲ್ಕು ಕಾಗದ ಇರಲೇಬೇಕು: ಸಭೆಯ ನಿರ್ಣಯ, ಎಂಜಿನಿಯರ್ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ನಕಲು. ಒಂದಿಲ್ಲದಿದ್ದರೂ ಫೈಲು ವಾಪಸ್. ಜಗಳ ಬೇಕಿಲ್ಲ, "ಮುಂದಿನ ವಾರ ತನ್ನಿ" ಅಂದರೆ ಸಾಕು.

ಇನ್ನು ನಡವಳಿ ಪುಸ್ತಕ. ಸಭೆಯ ಅಜೆಂಡಾದ ಕೊನೆಯ ಸಾಲು ಎಲ್ಲ ಪಂಚಾಯತಿಯಲ್ಲೂ ಒಂದೇ: "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು." ಟೀ-ಬಿಸ್ಕತ್ತು ಬಂದು, ಅರ್ಧ ಸದಸ್ಯರು ಬೈಕ್ ಹತ್ತಿದ ಮೇಲೆ ಈ ಸಾಲಿನಡಿ ಬರೆದುಕೊಳ್ಳುವುದೇ ನಿಜವಾದ ವಹಿವಾಟು. ಹಾಜರಾತಿಗೆಂದು ಹಾಕಿದ ಸಹಿಯನ್ನೇ ನಿರ್ಣಯಕ್ಕೆ ಒಪ್ಪಿಗೆ ಎಂದು ತೋರಿಸುವುದು, ನಿರ್ಣಯಗಳ ನಡುವೆ ನಾಲ್ಕು ಗೆರೆ ಖಾಲಿ ಬಿಟ್ಟು ಆಮೇಲೆ ತುಂಬುವುದು, ಇವು ಹಳೆಯ ವಿದ್ಯೆಗಳು. ತುಂಬಿದ ಸಾಲುಗಳ ಅಕ್ಷರ ಇಕ್ಕಟ್ಟಾಗಿರುತ್ತದೆ, ಇಂಕು ಬೇರೆ ಇರುತ್ತದೆ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಗೊತ್ತಾಗುತ್ತದೆ. ಮದ್ದೂ ಕಷ್ಟದ್ದಲ್ಲ. ಪುಟಗಳಿಗೆ ಮೊದಲೇ ನಂಬರ್ ಹಾಕಿಸಿ. ನಿರ್ಣಯವನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಅದರ ಕೆಳಗೆ ಸಹಿ ಪಡೆಯಿರಿ. ಒಪ್ಪದ ಸದಸ್ಯರ ಮಾತನ್ನೂ ಬರೆಸಿ. ವಿರೋಧವೇ ದಾಖಲಾಗದ ನಡವಳಿ ಪುಸ್ತಕವನ್ನು ನಾವಂತೂ ಎರಡನೇ ಸಲ ಓದುತ್ತೇವೆ.

ದುಡ್ಡು ಸೋರುವ ಜಾಗ ಯಾವುದು ಎಂದರೆ ಎಲ್ಲರೂ ಸಿ.ಸಿ. ರಸ್ತೆ ಎನ್ನುತ್ತಾರೆ. ರಸ್ತೆಗೆ ಅಳತೆ ಇದೆ, ಕಣ್ಣಿಗೆ ಕಾಣುತ್ತದೆ. ಸೋರಿಕೆ ಸಲೀಸಾಗಿರುವುದು ತುರ್ತು ಎನಿಸುವ, ಸಣ್ಣ ಮೊತ್ತದ, ಬಳಸಿದ ಮೇಲೆ ಗುರುತೇ ಉಳಿಯದ ಖರ್ಚುಗಳಲ್ಲಿ. ಮೋಟಾರ್ ರೀವೈಂಡಿಂಗ್, ಬೀದಿದೀಪ, ಬ್ಲೀಚಿಂಗ್ ಪೌಡರ್.

ಬ್ಲೀಚಿಂಗ್ ಪೌಡರನ್ನೇ ತೆಗೆದುಕೊಳ್ಳಿ. ಒಳ್ಳೆಯ ಗುಣಮಟ್ಟದ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಒಂದು ಸಲಕ್ಕೆ 125 ಗ್ರಾಂ. ದಿನಕ್ಕೊಮ್ಮೆ ತುಂಬಿಸಿದರೆ ತಿಂಗಳಿಗೆ 3.75 ಕೆ.ಜಿ. ಅಂಥ ನಾಲ್ಕು ಟ್ಯಾಂಕ್ ಇದ್ದರೆ ತಿಂಗಳಿಗೆ 15, ವರ್ಷಕ್ಕೆ 180 ಕೆ.ಜಿ. ಮಳೆಗಾಲದ ಕೆಂಪು ನೀರು, ಹಳತಾಗಿ ಸತ್ವ ಕಳೆದುಕೊಂಡ ಪುಡಿ ಎಂದೆಲ್ಲ ಲೆಕ್ಕ ಹಿಡಿದು ದುಪ್ಪಟ್ಟು ಬಿಟ್ಟರೂ 360 ಕೆ.ಜಿ., ಅಂದರೆ 25 ಕೆ.ಜಿ.ಯ 15 ಚೀಲದೊಳಗೆ. ವೋಚರಿನಲ್ಲಿ 60 ಚೀಲ ಇದ್ದರೆ? "ಚರಂಡಿಗೆ ಹಾಕಿಸಿದ್ವಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗ ದಾಸ್ತಾನು ಪುಸ್ತಕ ಕೇಳಬೇಕು: ಯಾವ ತಾರೀಖು, ಯಾವ ಬೀದಿ, ಎಷ್ಟು ಕೆ.ಜಿ., ಪಡೆದ ನೀರುಗಂಟಿಯ ಸಹಿ. ಈ ಲೆಕ್ಕವನ್ನು ನಾವು ವರ್ಷ ಕಳೆದು ಮಾಡುವುದಕ್ಕಿಂತ ಅಧ್ಯಕ್ಷರು ಚೀಲ ಬರುವ ದಿನ ಮಾಡಿದರೆ ಹಣ ಉಳಿಯುತ್ತದೆ. ಮೋಟಾರ್ ರಿಪೇರಿಯದ್ದೂ ಇದೇ ಕಥೆ. ಯಾವ ಕೊಳವೆಬಾವಿ, ಎಷ್ಟು ಎಚ್‌ಪಿ, ಕಳೆದ ಸಲ ಯಾವಾಗ ಸುಟ್ಟಿತ್ತು ಎಂದು ಒಂದೊಂದು ಬಾವಿಗೆ ಒಂದೊಂದು ಪುಟ ಇಟ್ಟರೆ, ವರ್ಷಕ್ಕೆ ಐದು ಸಲ ಸುಡುವ ಮೋಟಾರ್ ತಾನೇ ಎದ್ದು ಕಾಣುತ್ತದೆ. ಅದು ನಿಜವಾಗಿಯೂ ವೋಲ್ಟೇಜ್ ತೊಂದರೆ ಇರಬಹುದು ಅನ್ನಿ. ಹಾಗಿದ್ದರೆ ಐದು ಬಿಲ್ ಕಟ್ಟುವ ಬದಲು ಸ್ಟಾರ್ಟರ್ ಬದಲಿಸುವುದು ಜಾಣತನ.

ಪಂಚಾಯತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆದರೂ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡನೋ ಮೈದುನನೋ ಕೂತು ಫೋನ್ ಮಾಡುವುದು ಇನ್ನೂ ನಿಂತಿಲ್ಲ. ಅಧಿಕಾರ ಕೆಡಲು ಇದಕ್ಕಿಂತ ಹದವಾದ ನೆಲ ಬೇರೆ ಬೇಕಿಲ್ಲ: ಹುಕುಂ ಕೊಡುವವನ ಸಹಿ ಎಲ್ಲೂ ಇಲ್ಲ, ಸಹಿ ಇರುವವಳು ಹುಕುಂ ಕೊಟ್ಟಿಲ್ಲ. ನಷ್ಟದ ಹಣ ಕಟ್ಟಿ ಎಂಬ ವಸೂಲಾತಿ ನೋಟಿಸ್ ಹೋಗುವುದು ಮಾತ್ರ ಆಕೆಯ ಹೆಸರಿಗೆ. ಇದನ್ನು ತರಬೇತಿಯಲ್ಲಿ ಹೇಳುವಾಗ ಮಹಿಳಾ ಸಬಲೀಕರಣದ ಭಾಷಣಕ್ಕಿಂತ ಆ ನೋಟಿಸಿನ ಒಂದು ನಮೂನೆ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಕೆಡುಕಿನ ಮಾತಾಯಿತು. ಅಧಿಕಾರವನ್ನು ಚೆನ್ನಾಗಿ ಬಳಸಿದ್ದಕ್ಕೆ ನಮ್ಮ ರಾಜ್ಯದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಹಳ್ಳಿಗಳಿಗೆ ಕೊಳವೆಬಾವಿ ಕೊಡಿಸಿ "ನೀರ್ ಸಾಬ್" ಆದದ್ದು ಎಲ್ಲರಿಗೂ ಗೊತ್ತು. ದೊಡ್ಡ ಕೆಲಸ ಅದಲ್ಲ. ಮಂತ್ರಿಯಾಗಿದ್ದುಕೊಂಡು ಮಂತ್ರಿಗಳ ಕೈಯಲ್ಲಿದ್ದುದನ್ನೇ ಕೆಳಗೆ ಇಳಿಸಿದರು. 1983ರ ಪಂಚಾಯತ್ ಕಾಯ್ದೆ, ಅದರಡಿ 1987ರ ಚುನಾವಣೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಬಂತು, ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾದರು. ಪಂಚಾಯತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿಗೆ ವರ್ಷಗಳ ಮೊದಲೇ ಮಹಿಳೆಯರಿಗೆ ಶೇ. 25 ಮೀಸಲು ಸಿಕ್ಕಿತು. ಅವರು 1988ರಲ್ಲಿ ತೀರಿಕೊಂಡರು. ಅಧಿಕಾರವನ್ನು ಕೆಳಗೆ ಇಳಿಸುವ ಕೆಲಸ ಅವರೊಂದಿಗೇ ಮುಗಿಯಲಿಲ್ಲ.

ಪಂಚಾಯತಿ ಮಟ್ಟದಲ್ಲಿ ಇದನ್ನೇ ಮಾಡುವುದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಆರು ತಿಂಗಳ ಪಾವತಿ ಪಟ್ಟಿಯನ್ನು ಅಧ್ಯಕ್ಷರೇ ಓದಲಿ: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು. ಸರ್ಕಾರಿ ಮನೆಗಳ ಫಲಾನುಭವಿ ಪಟ್ಟಿಯನ್ನು ಗೋಡೆಗೆ ಅಂಟಿಸಲಿ, ಸಭೆಯಾದ ಮೇಲಲ್ಲ, ವಾರ ಮುಂಚೆ. ನೀರಿನ ವಾಲ್ವ್ ತಿರುಗಿಸುವ ಸರದಿ ಪಟ್ಟಿಯನ್ನು ಪ್ರತಿ ಬೀದಿಯ ಕಂಬಕ್ಕೆ ಹಾಕಿಸಲಿ. ಹಳ್ಳಿಯಲ್ಲಿ ವಾಲ್ವ್ ಕೀಗಿಂತ ದೊಡ್ಡ ಅಧಿಕಾರ ಇಲ್ಲ. ವೋಟು ಹಾಕದ ಕೇರಿಗೆ ನೀರು ಎಷ್ಟು ಹೊತ್ತು ಬರುತ್ತದೆ ಎಂದು ನೋಡಿದರೆ ಅಧ್ಯಕ್ಷರ ಬಗ್ಗೆ ಬೇರೆ ವರದಿ ಬೇಕಾಗದು. ಕಂದಾಯ ಬಾಕಿದಾರರ ಪಟ್ಟಿಯನ್ನೂ ಹಾಕಿಸಲಿ, ಸದಸ್ಯರ ಹೆಸರಿನಿಂದಲೇ ಶುರುವಾಗಲಿ.

ಅವಧಿ ಮುಗಿದ ದಿನದ ಕೆಲಸ ಯಾರೂ ನೆನಪಿಡುವುದಿಲ್ಲ. ಹೊರಡುವ ಅಧ್ಯಕ್ಷರ ಡಿಜಿಟಲ್ ಸಹಿಯನ್ನು ತಂತ್ರಾಂಶದಿಂದ ಅಂದೇ ತೆಗೆಸಬೇಕು. ಕ್ಯಾಶ್‌ಬುಕ್ ಮುಕ್ತಾಯ ಮಾಡಿ ಬ್ಯಾಂಕ್ ಬಾಕಿಯೊಂದಿಗೆ ತಾಳೆ ನೋಡಬೇಕು. ಕೊನೆಯ ನಡವಳಿಯ ಪುಟ ಸಂಖ್ಯೆ, ತೀರದ ಮುಂಗಡಗಳು, ಬಳಸದ ಚೆಕ್ ಹಾಳೆಗಳ ನಂಬರ್ ಇವನ್ನು ಪಟ್ಟಿ ಮಾಡಿ ಒಪ್ಪಿಸುವವರು, ವಹಿಸಿಕೊಳ್ಳುವವರು ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಹೊರಡುವವರು ಮನೆಗೆ ಒಯ್ಯಬೇಕು. ಎರಡು ವರ್ಷದ ಮೇಲೆ ವಿಚಾರಣೆ ಬಂದರೆ ಅವರ ಪರವಾಗಿ ನಿಲ್ಲುವ ಕಾಗದ ಅದೊಂದೇ.