ಕಲಿಮಾ ಹೇಳಿದ ಮೇಲೆ ರಾತ್ರಿ ಊಟ ಯಾರ ಜೊತೆ?

ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಇಸ್ಲಾಂಗೆ ಹೊಸದಾಗಿ ಬಂದವರೂ ಆಗಾಗ ಬರುತ್ತಾರೆ. "ಯಾಕೆ ಮತ ಬದಲಿಸಿದೆ?" ಅಂತ ಅವರನ್ನು ಊರೆಲ್ಲ ಕೇಳಿರುತ್ತದೆ. ನಾನು ಕೇಳುವುದು ಇಷ್ಟೇ: ರಾತ್ರಿ ಊಟ ಯಾರ ಜೊತೆ?

ಕಲಿಮಾ, ಅಂದರೆ ಇಸ್ಲಾಂಗೆ ಸೇರುವಾಗ ಹೇಳುವ ನಂಬಿಕೆಯ ಮಾತು, ಅದನ್ನು ಹೇಳುವ ದಿನ ಕಷ್ಟದ್ದಲ್ಲ. ಎಲ್ಲರೂ ತಬ್ಬಿಕೊಳ್ಳುತ್ತಾರೆ, ಫೋನ್ ನಂಬರ್ ಕೊಡುತ್ತಾರೆ. ಆಮೇಲೆ ಅವರವರ ಸಂಸಾರ ಅವರವರಿಗೆ. ರಂಜಾನ್ ಬಂದಾಗ ಊರೆಲ್ಲ ಮನೆಮಂದಿ ಜೊತೆ ಇಫ್ತಾರಿಗೆ ಕೂತಿರುತ್ತದೆ, ಹೊಸದಾಗಿ ಬಂದವನು ಬಾಡಿಗೆ ರೂಮಿನಲ್ಲಿ ಒಬ್ಬನೇ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲೋಫ್ಲಂಡ್ ಮತ್ತು ಸ್ಟಾರ್ಕ್ 1965ರಲ್ಲೇ ಬರೆದಿದ್ದರು, ಮತ ಬದಲಾವಣೆಯಲ್ಲಿ ಆ ಮತದಲ್ಲಿ ಆಗಲೇ ಇರುವವರ ಜೊತೆಗಿನ ಸ್ನೇಹಕ್ಕೆ ದೊಡ್ಡ ಪಾತ್ರವಿದೆ ಅಂತ. ಅವರು ನೋಡಿದ್ದು ಬೇರೊಂದು ಸಣ್ಣ ಪಂಥ. ಆದರೂ ನನ್ನ ಕೆಲಸಕ್ಕೆ ಆ ಮಾತು ಹೊಂದುತ್ತದೆ.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ. ಗುರುತು ಸಿಗದ ಹಾಗೆ ಹೇಳುತ್ತೇನೆ. ಗಡ್ಡ, ಹೊಸ ಹೆಸರು, ಅರಬ್ಬಿ ಪಾಠ, ತಂಗಿಗೆ ಉಪದೇಶ, ಎಲ್ಲ ಒಟ್ಟಿಗೇ ಶುರು. ಹೊಸಬರಲ್ಲಿ ಈ ಆತುರ ಮಾಮೂಲಿ. ಹಳೆಯದನ್ನು ಪೂರ್ತಿ ಒರೆಸಿದರೆ ಮಾತ್ರ ಹೊಸದು ಗಟ್ಟಿ ಅನ್ನಿಸುತ್ತದೆ. ಅಷ್ಟರಲ್ಲಿ ಗದ್ದೆಗೆ ಪೂಜೆ ಮಾಡಿ ಚರಗ ಅನ್ನುವ ಎಡೆ ಚೆಲ್ಲುವ ಭೂಮಿ ಹುಣ್ಣಿಮೆ ಬಂತು. "ಗದ್ದೆಗೆ ಚರಗ ಚೆಲ್ಲೋಕೆ ಬರಲ್ವೇನೋ?" ಅಂತ ಅಮ್ಮನ ಫೋನ್. ಹೋದರೆ ಧರ್ಮ ಕೆಡುತ್ತದೆ ಅಂತ ಗೆಳೆಯರು. ಹುಡುಗನಿಗೆ ನಿದ್ದೆಯೇ ಇಲ್ಲ.

ಧರ್ಮದ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಅನುಭವಸ್ಥ ಹಜರತ್ (ಮುಸ್ಲಿಂ ಧರ್ಮಗುರು) ಒಬ್ಬರ ಹತ್ತಿರ ಕಳಿಸಿದೆ. ಅವರು ಕುರ್‌ಆನಿನ 31ನೇ ಅಧ್ಯಾಯದ 15ನೇ ವಚನ ತೋರಿಸಿದರಂತೆ. ದೇವರಿಗೆ ಇನ್ನೊಬ್ಬರನ್ನು ಸೇರಿಸು ಅಂತ ತಂದೆತಾಯಿ ಒತ್ತಾಯಿಸಿದರೆ ಕೇಳಬೇಡ, ಆದರೆ ಅವರ ಜೊತೆ ಚೆನ್ನಾಗಿ ಬಾಳು ಅನ್ನುತ್ತದೆ ಅದು. "ಪೂಜೆಗೆ ಕೂರಬೇಡ. ಹೋಗಿ ಅಮ್ಮನ್ನ ನೋಡ್ಕೊಂಡು ಬಾರಪ್ಪ" ಅಂದರಂತೆ. ಹೆಸರಿನ ಅರ್ಥ ಕೆಟ್ಟದ್ದಲ್ಲದಿದ್ದರೆ ಬದಲಿಸಲೇಬೇಕಂತಿಲ್ಲ ಅಂತಲೂ ಹೇಳಿದರು. ಎಲ್ಲ ಒಂದೇ ದಿನ ಬದಲಾಗಬೇಕಿಲ್ಲ. ಇಸ್ಲಾಂನಲ್ಲಿ ಹೆಂಡದ ನಿಷೇಧ ಕೂಡ ಹಂತಹಂತವಾಗಿ ಬಂದದ್ದು, ಅಲ್ವಾ?

ಅಮ್ಮನನ್ನೂ ಕರೆಸಿದೆ. ಅವರಿಗೆ ಮಗ ದೇವರನ್ನು ಬದಲಿಸಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಹೆಸರು ಬದಲಿಸಿದ್ದು. "ನಾನಿಟ್ಟ ಹೆಸರು ಏನು ಮಾಡಿತ್ತು ಮೇಡಂ?" ಅಂದರು. ಹುಡುಗ ತಲೆ ತಗ್ಗಿಸಿ ಕೂತ. ಮನೆಯಲ್ಲಿ ಹಳೇ ಹೆಸರೇ ಇರಲಿ ಅಂತ ಅವನೇ ಒಪ್ಪಿದ.

ಮಸೀದಿ ಕಡೆಯವರು ಕೇಳಿದಾಗ ನಾನು ಪುಸ್ತಕದ ಕಟ್ಟು ಕೊಡಬೇಡಿ ಅನ್ನುತ್ತೇನೆ. ವಾರಕ್ಕೊಮ್ಮೆ ಊಟಕ್ಕೆ ಕರೆಯುವ ಒಂದು ಮನೆ ಗೊತ್ತು ಮಾಡಿ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಅಳುತ್ತಿದ್ದರೆ "ಈಮಾನ್ (ದೇವರಲ್ಲಿ ನಂಬಿಕೆ) ಕಮ್ಮಿಯಾಗಿದೆ" ಅನ್ನಬೇಡಿ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.