ಕೆರಿಡ್ವೆನ್ ಪರವಾಗಿ ಎರಡು ಮಾತು

ಪ್ರಾಚೀನ ವೇಲ್ಸ್‌ನ ಮಾಂತ್ರಿಕಿಯರ ಸುತ್ತ ಹೆಣೆದ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಓದುಗರಲ್ಲಿ ಒಮ್ಮತವೇ ಇಲ್ಲ. ಮಂತ್ರತಂತ್ರ ಹೆಚ್ಚಿದಷ್ಟೂ ಸೊಗಸು ಎನ್ನುವವರು ಕೆಲವರು. ಮೂಲ ಐತಿಹ್ಯಕ್ಕೆ ಕೂದಲೆಳೆಯಷ್ಟೂ ಧಕ್ಕೆ ಬರಬಾರದು ಎನ್ನುವವರು ಇನ್ನು ಕೆಲವರು. ನನ್ನ ತಕರಾರು ಬೇರೆ. ಆ ಐತಿಹ್ಯದ ಮಾಂತ್ರಿಕಿ ಕೆರಿಡ್ವೆನ್‌ಳನ್ನು ಬರೀ ದುಷ್ಟೆಯನ್ನಾಗಿ ಮಾಡಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ.

ಐತಿಹ್ಯದ ಪ್ರಕಾರ ಆಕೆ ವೇಲ್ಸ್‌ನ ಬಾಲಾ ಸರೋವರದ ಸೀಮೆಯವಳು. ಮಗ ಮೊರ್‌ವ್ರಾನ್ ಕುರೂಪಿ. ರೂಪವಿಲ್ಲದಿದ್ದರೆ ಜ್ಞಾನವಾದರೂ ಸಿಗಲಿ ಎಂದು ಗಿಡಮೂಲಿಕೆ ಆಯ್ದು ತಂದು ಒಂದು ವರ್ಷ ಒಂದು ದಿನ ಕಡಾಯಿ ಕುದಿಸುತ್ತಾಳೆ. ಅದರ ಮೂರು ಹನಿ ದಕ್ಕುವುದು ಮಾತ್ರ ಕೆಲಸದ ಹುಡುಗ ಗ್ವಿಯೋನ್‌ಗೆ! ರೂಪ ಬದಲಿಸುತ್ತ ಓಡುವ ಅವನನ್ನು ಇವಳೂ ರೂಪ ಬದಲಿಸುತ್ತ ಬೆನ್ನಟ್ಟುತ್ತಾಳೆ: ಅವನು ಮೊಲವಾದರೆ ಇವಳು ಬೇಟೆನಾಯಿ, ಮೀನಾದರೆ ನೀರುನಾಯಿ, ಹಕ್ಕಿಯಾದರೆ ಗಿಡುಗ, ಗೋಧಿಕಾಳಾದರೆ ಕಪ್ಪು ಕೋಳಿ. ನುಂಗಿದ ಕಾಳು ಹೊಟ್ಟೆಯಲ್ಲಿ ಬೆಳೆದು ಮಗುವಾಗಿ ಹುಟ್ಟುತ್ತದೆ. ಅವನೇ ಮುಂದೆ ಕವಿ ತಾಲಿಯೆಸಿನ್. ಕೊಲ್ಲಲು ಹೊರಟವಳಿಗೆ ಮಗುವಿನ ಚೆಲುವು ಕಂಡು ಕೈ ಏಳುವುದಿಲ್ಲ, ನೀರಿನಲ್ಲಿ ತೇಲಿಬಿಡುತ್ತಾಳೆ.

16ನೇ ಶತಮಾನದಲ್ಲೇ ಬರಹಕ್ಕಿಳಿದ ಕಥೆಯಲ್ಲಿ ಇಷ್ಟು ಸಂಕಟ ತುಂಬಿರುವಾಗ ಹೊಸದಾಗಿ ಕ್ರೌರ್ಯ ಸೇರಿಸುವ ಅಗತ್ಯವೇನು? ಈಚೆಗೆ ಓದಿದ ಒಂದು ಕಾದಂಬರಿಯಲ್ಲಿ ಆಕೆ ಪುಟಪುಟಕ್ಕೂ ಬೆಂಕಿಯುಂಡೆ ಎಸೆಯುತ್ತಿದ್ದಳು, ಮಗನ ಸುದ್ದಿಯೇ ಇರಲಿಲ್ಲ. ತಾಯ್ತನ ತೆಗೆದುಬಿಟ್ಟರೆ ಆ ಕಡಾಯಿಗೆ ಏನರ್ಥ?

ಮೊರ್‌ವ್ರಾನ್‌ನ ಕಣ್ಣಿನಿಂದ ಈ ಕಥೆ ಹೇಳಿದ ಕಾದಂಬರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಇವತ್ತೇ ತರಿಸಿಕೊಳ್ಳುತ್ತೇನೆ.